ಇಂಗಾಲದ ಮೇಲಣ ಪ್ಲಾಟಿನಂ: ಸವಕಳಿಯೂ ಬಾಳಿಕೆಯೂ

ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳ ಮಾರ್ಗವಾಗಿ ಕೃಷ್ಣರಾಜಪುರಕ್ಕೆ ಹೋಗುವ ಬಸ್ಸು ಹೆಜ್ಜೆಹೆಜ್ಜೆಗೂ ನಿಂತು ಮತ್ತೆ ಹೊರಡಬೇಕಾಗುತ್ತದೆ. ಅಂತಹ ಬಸ್ಸನ್ನು ಜಲಜನಕದ ಇಂಧನಕೋಶದಿಂದ ನಡೆಸುವುದಾದರೆ, ಈ ಏರಿಳಿತಗಳೇ ಕೋಶದ ಆಯುಷ್ಯವನ್ನು ಕುಂದಿಸುತ್ತವೆ. ಕಾರಣವನ್ನು ಪ್ಲಾಟಿನಂ ಲೋಹದಲ್ಲಿ ಹುಡುಕಬೇಕು.

ಜಲಜನಕ, ಆಮ್ಲಜನಕಗಳನ್ನು ಪ್ಲಾಟಿನಂ ಪಟ್ಟಿಗಳ ಮೇಲೆ ಸಂಯೋಗಗೊಳಿಸಿ ವಿದ್ಯುತ್ತನ್ನು ಪಡೆಯುವ ಅನಿಲ ಬ್ಯಾಟರಿಯನ್ನು 1842ರಲ್ಲಿ ವಿಲಿಯಂ ಗ್ರೋವ್ ಪ್ರಕಟಪಡಿಸಿದನು. ತಾನು ವ್ಯಯವಾಗದೆ ಕ್ರಿಯೆಯನ್ನು ತ್ವರೆಗೊಳಿಸುವುದರಿಂದ ಪ್ಲಾಟಿನಂ ಇಲ್ಲಿ ವೇಗವರ್ಧಕವೆನಿಸುತ್ತದೆ. ಕ್ರಿಯೆಯು ಲೋಹದ ಮೇಲ್ಮೈಯಲ್ಲಿ ಮಾತ್ರ ನಡೆಯುವುದಾದ್ದರಿಂದ, ಈ ದುಬಾರಿ ಲೋಹವನ್ನು ಈಗ 2ರಿಂದ 5 ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಇಂಗಾಲದ ಪುಡಿಯ ಮೇಲೆ ಹರಡುತ್ತಾರೆ.

ಬಸ್ಸಿನ ಹೊರೆ ಏರಿಳಿದಂತೆ ಕೋಶದ ವಿದ್ಯುದ್ವಿಭವವೂ ಏರಿಳಿಯುತ್ತದೆ. ಆಗ ಸಣ್ಣ ಕಣಗಳಿಂದ ಕೆಲವು ಪರಮಾಣುಗಳು ಆಮ್ಲದಲ್ಲಿ ಕರಗಿ, ದೊಡ್ಡ ಕಣಗಳ ಮೇಲೆ ಹೋಗಿ ಕೂರುತ್ತವೆ. ರಷ್ಯಾ ದೇಶವು 1828ರಿಂದ 1845ರವರೆಗೆ ಪ್ಲಾಟಿನಂ ನಾಣ್ಯಗಳನ್ನು ಟಂಕಿಸಿತ್ತು. ಸವೆದ ನಾಣ್ಯದ ನಷ್ಟವನ್ನು ತಕ್ಕಡಿಯು ತೋರಿಸುತ್ತದೆ. ಇತಿಹಾಸದ ಅಧ್ಯಾಪಕನಾದ ನನಗೆ ಆ ಲೆಕ್ಕವೇ ಪರಿಚಿತ. ಇಲ್ಲಿಯಾದರೋ ತೂಕವು ಬಹುಪಾಲು ಹಾಗೆಯೇ ಉಳಿದು, ಮೇಲ್ಮೈ ಮಾತ್ರ ಕುಗ್ಗಿಬಿಡುತ್ತದೆ. ಇಂಗಾಲದ ಗತಿಯೂ ಸುಖಕರವಲ್ಲ. ಕೋಶವನ್ನು ನಿಲ್ಲಿಸಿ ಪುನಃ ಆರಂಭಿಸುವಾಗ ಜಲಜನಕದ ಪಾರ್ಶ್ವಕ್ಕೆ ಗಾಳಿ ಸೇರಿದರೆ, ಎದುರು ಪಾರ್ಶ್ವದ ವಿಭವವು 1 ವೋಲ್ಟನ್ನು ಮೀರುತ್ತದೆ. ಇಂಗಾಲವು ನೀರಿನೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ, ಕಣಗಳು ನೆಲೆ ತಪ್ಪುತ್ತವೆ.

ಇಂಗಾಲವನ್ನು 2,000 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸಿ ಗ್ರಾಫೈಟಿನಂತೆ ಮಾಡಿದರೆ ಅದು ಈ ಕ್ಷಯವನ್ನು ತಡೆದುಕೊಳ್ಳುತ್ತದೆ. ಆದರೆ ಕಣಗಳು ಹಿಡಿದು ನಿಲ್ಲುವ ಸ್ಥಾನಗಳು ಕಡಮೆಯಾಗುತ್ತವೆ. ನಮ್ಮ ನಗರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗಡೆ, ಕೆ. ಸಿ. ಪಾಟೀಲ್ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ಲೋಹದ ಲವಣಗಳ ದ್ರಾವಣಕ್ಕೆ ಇಂಧನವನ್ನು ಬೆರೆಸಿ ಬಿಸಿ ಕುಲುಮೆಯಲ್ಲಿ ಉರಿಸಿ, ಕೆಲವೇ ನಿಮಿಷಗಳಲ್ಲಿ ಸೀರಿಯಂ ಆಕ್ಸೈಡಿನ ಪುಡಿಯನ್ನು ಪಡೆದರು. ಪ್ಲಾಟಿನಂ ಅದರಲ್ಲಿ ಕಣವಾಗಿರದೆ, ಸ್ಫಟಿಕಜಾಲದೊಳಗೆ ಅಯಾನಾಗಿ ನೆಲೆಸಿತ್ತು. 2000ದಲ್ಲಿ ಪ್ರಕಟವಾದ ಈ ಸಂಶೋಧನೆಯ ಲಕ್ಷ್ಯ ವಾಹನಗಳ ಹೊಗೆಯ ಶುದ್ಧೀಕರಣವಾಗಿತ್ತು. ಕಣವೇ ಇಲ್ಲದಲ್ಲಿ ಕಣಗಳು ಕೂಡಿಕೊಳ್ಳುವ ಮಾತೆಲ್ಲಿ? ಆದರೆ ಸೀರಿಯಂ ಆಕ್ಸೈಡು ಒಳ್ಳೆಯ ವಿದ್ಯುದ್ವಾಹಕವಲ್ಲ. ಇಂಧನಕೋಶದಲ್ಲಿ ಬಳಸುವಾಗ ಇಂಗಾಲವನ್ನು ಬೆರೆಸಲೇಬೇಕಾಗುತ್ತದೆ, ಅದರೊಡನೆ ಇಂಗಾಲದ ತೊಡಕೂ ಮರಳಿ ಬರುತ್ತದೆ.

ಬಸ್ಸಿನ ಕೋಶಕ್ಕೆ ಅಮೆರಿಕದ ಇಂಧನ ಇಲಾಖೆಯು ಇರಿಸಿಕೊಂಡ ಗುರಿ 25,000 ಗಂಟೆ. ಅದನ್ನು ಮುಟ್ಟಲು ವೇಗವರ್ಧಕವನ್ನು ತಿದ್ದುವುದರ ಜೊತೆಗೆ, ಬಸ್ಸಿನಲ್ಲಿ ಬ್ಯಾಟರಿಯೊಂದನ್ನೂ ಇಟ್ಟು, ನಿಲ್ದಾಣ ನಿಲ್ದಾಣದ ಏರಿಳಿತವನ್ನು ಅದರ ಪಾಲಿಗೆ ಬಿಡುತ್ತಾರೆ.