ಬಂದೂಕು ಒದೆಯೋದನ್ನ ತಡೀಬೇಡಿ: ಮಲಗಿ ಗುರಿ ಹೊಡೆಯುವಾಗ ಹಿಡಿತ ಹೇಗಿರಬೇಕು?

ಎಂದಿನಂತೆ ನಿಟ್ಟೂರಿನ ನಮ್ಮ ಮನೆ ಮಹಡಿ ರೂಮಿಂದ ಮಾತಾಡ್ತಿದೀನಿ. ಮಧ್ಯೆ ಬಿ.ಎಚ್. ರಸ್ತೆ ಲಾರಿ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಈ ಸಂಚಿಕೆಗೆ ಕಾರಣ ನಮ್ಮ ಚಿಕ್ಕಪ್ಪನ ಮಗಳು. ತುಮಕೂರಲ್ಲಿ ಡಿಗ್ರಿ ಓದ್ತಿದಾಳೆ, ಎನ್‌ಸಿಸಿ ಕೆಡೆಟ್. ಮುಂದಿನ ವಾರ ಕ್ಯಾಂಪ್‌ನಲ್ಲಿ ಮೊದಲ ಸಲ ಪಾಯಿಂಟ್ 22 ರೈಫಲ್ ಹಿಡೀತಾಳೆ. ಮೊನ್ನೆ ರಾತ್ರಿ ವಾಯ್ಸ್ ಮೆಸೇಜ್ ಕಳಿಸಿದ್ಲು: "ಅಣ್ಣಾ, ಬಂದೂಕು ಭುಜಕ್ಕೆ ಒದೆಯುತ್ತಂತೆ. ಬಲವಾಗಿ ಅದುಮಿ ಹಿಡ್ಕೊಬೇಕಾ, ಸಡಿಲ ಬಿಡ್ಬೇಕಾ?"

ಈ ಪ್ರಶ್ನೆ ನನಗೆ ನಾಟಿತು. ಬಿ.ಕಾಂ. ಎರಡನೇ ವರ್ಷದಲ್ಲಿ ನಾನೂ ಹಾಗೇ ನೆಲದ ಮೇಲೆ ಮಲಗಿ ಐದು ಗುಂಡು ಹೊಡೆದಿದ್ದೆ. 25 ಮೀಟರ್ ದೂರದ ಹಾಳೆಗೆ ಬಿದ್ದದ್ದು ಎರಡು. ಉಳಿದ ಮೂರು ಎಲ್ಲಿಗೆ ಹೋದ್ವೋ ಗೊತ್ತಿಲ್ಲ. ಶೂಟಿಂಗ್ ಟೀಮ್ ಸೇರೋ ಆಸೆ ಅವತ್ತೇ ಮುಗೀತು. ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ. ತಪ್ಪು ಕೈಯಲ್ಲಿ ಇರಲಿಲ್ಲ. ಒದೆತ ಬರುತ್ತೆ ಅಂತ ಹೆದರಿ, ಟ್ರಿಗರ್ ಎಳೆಯೋ ಮೊದಲೇ ಅದರ ಜೊತೆ ಜಗಳಕ್ಕೆ ನಿಂತಿದ್ದೆ.

ಮೊದಲು ಒದೆತ ಯಾಕೆ ಬರುತ್ತೆ ನೋಡೋಣ. ಕಾಮರ್ಸ್ ಓದಿದವರಿಗೆ ಇದು ಸುಲಭ: ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ಗುಂಡು ಮುಂದಕ್ಕೆ ಹೋದಷ್ಟೇ ಲೆಕ್ಕ ಬಂದೂಕಿನ ಕಡೆ ಹಿಂದಕ್ಕೆ ಬರುತ್ತೆ. ಪಾಯಿಂಟ್ 22 ಗುಂಡಿನ ತೂಕ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ರೈಫಲ್ 3 ಕೆ.ಜಿ. ಅಂದ್ಕೊಂಡ್ರೆ, ಅದು ಹಿಂದಕ್ಕೆ ಬರೋ ವೇಗ ಸೆಕೆಂಡಿಗೆ 30 ಸೆಂಟಿಮೀಟರ್‌ಗಿಂತ ಕಮ್ಮಿ. ಅಂದ್ರೆ ಮೆಲ್ಲಗೆ ಒಂದು ತಳ್ಳು, ಅಷ್ಟೇ. ದೂರದ ಗುರಿಗೆ ಬಳಸೋ 7.62 ಮಿ.ಮೀ. ರೈಫಲ್‌ನಲ್ಲಿ ಮಾತ್ರ ಈ ಲೆಕ್ಕ ಹತ್ತು ಪಟ್ಟು ಆಗುತ್ತೆ.

ಈಗ ಮುಖ್ಯ ವಿಷಯ. ಗುಂಡು ನಳಿಗೆಯಿಂದ ಆಚೆ ಹೋಗೋ ಮೊದಲೇ ಬಂದೂಕು ಹಿಂದಕ್ಕೆ ಸರಿಯೋಕೆ ಶುರು ಮಾಡುತ್ತೆ. ಪಾಯಿಂಟ್ 22ರಲ್ಲಿ ಸರಿಯೋದು ಅರ್ಧ ಮಿಲಿಮೀಟರ್ ಇರಬಹುದು. ಆದ್ರೆ ಆ ಅರ್ಧ ಮಿಲಿಮೀಟರ್ ನೇರವಾಗಿ ಹಿಂದಕ್ಕೆ ಬಂತಾ, ಪಕ್ಕಕ್ಕೆ ಜಾರಿತಾ ಅನ್ನೋದರ ಮೇಲೆ ಗುಂಡು ಎಲ್ಲಿ ಬೀಳುತ್ತೆ ಅನ್ನೋದು ನಿಂತಿದೆ. ಇದೆಲ್ಲ ನಡೆಯೋದು ಒಂದೆರಡು ಮಿಲಿಸೆಕೆಂಡಲ್ಲಿ. ನಮ್ಮ ಮೈ ಒಂದು ಸದ್ದಿಗೆ ಸ್ಪಂದಿಸೋಕೇ ನೂರು ಮಿಲಿಸೆಕೆಂಡ್ ದಾಟುತ್ತೆ. ಹಾಗಾಗಿ ಒದೆತವನ್ನ ಆ ಕ್ಷಣದಲ್ಲಿ ಯಾರೂ ತಡೆಯೋಕೆ ಆಗಲ್ಲ. ತಡೀತೀನಿ ಅಂತ ಹೊರಟೋರು ನಿಜವಾಗಿ ಗುಂಡು ಹಾರೋ ಮೊದಲೇ ಬಂದೂಕನ್ನ ಅಲ್ಲಾಡಿಸಿರ್ತಾರೆ.

ಆ ಅಲ್ಲಾಟದ ಬೆಲೆ ಎಷ್ಟು? ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 60 ಸೆಂಟಿಮೀಟರ್ ಅಂತರ ಇದೆ ಅನ್ನಿ. ಮುಂದಿನ ಸೈಟ್ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋದ್ರೆ 25 ಮೀಟರಲ್ಲಿ 4 ಸೆಂಟಿಮೀಟರ್, 50 ಮೀಟರಲ್ಲಿ 8, 300 ಮೀಟರಲ್ಲಿ ಅರ್ಧ ಮೀಟರ್ ತಪ್ಪುತ್ತೆ. ಅಂತರರಾಷ್ಟ್ರೀಯ 50 ಮೀಟರ್ ಸ್ಪರ್ಧೆಯಲ್ಲಿ 10 ಅಂಕದ ವೃತ್ತದ ಅಗಲ ಬರೀ 10.4 ಮಿ.ಮೀ. ಲಂಡನ್ 2012 ಒಲಿಂಪಿಕ್ಸ್‌ನಲ್ಲಿ ಮಲಗಿ ಹೊಡೆಯೋ ಈ ಸ್ಪರ್ಧೆಯ ಫೈನಲ್ ತಲುಪಿದ ನಮ್ಮ ಜಾಯ್‌ದೀಪ್ ಕರ್ಮಾಕರ್ ನಾಲ್ಕನೆಯವರಾದ್ರು. ಕಂಚು ತಪ್ಪಿದ್ದು 1.9 ಅಂಕದಲ್ಲಿ.

ಹಾಗಾದ್ರೆ ಹಿಡಿಯೋದು ಹೇಗೆ? ಬಲಗೈಯವರಿಗೆ ಹೇಳ್ತೀನಿ, ಎಡಗೈಯವರು ತಿರುಗಿಸಿ ತಗೊಳ್ಳಿ.

ಎಡ ಮೊಣಕೈ ಬಂದೂಕಿನ ಕೆಳಗೇ ಹೆಚ್ಚುಕಮ್ಮಿ ಇರಲಿ. ಬಂದೂಕು ಅಂಗೈ ಮೇಲೆ ಕೂತಿರಲಿ, ಬೆರಳುಗಳು ಹಿಸುಕಬಾರದು. ಸ್ಲಿಂಗ್ ಇದ್ರೆ ತೂಕ ಹೊರೋದು ಅದರ ಕೆಲಸ, ನಿಮ್ಮ ಸ್ನಾಯುವಿನದಲ್ಲ. ಬಟ್ ಭುಜದ ಗುಳಿಯಲ್ಲಿ ಪ್ರತಿ ಸಲ ಅದೇ ಜಾಗದಲ್ಲಿ, ಸಂದಿ ಬಿಡದೆ ಕೂರಬೇಕು. ಸಂದಿ ಬಿಟ್ರೆ ತಳ್ಳೋದು ಗುದ್ದಾಗುತ್ತೆ. ಕೆನ್ನೆ ಕೂಡ ಅದೇ ಜಾಗ, ಅದೇ ಭಾರ.

ಆಮೇಲೆ ಒಂದು ಪರೀಕ್ಷೆ. ಗುರಿ ಇಟ್ಟು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಮೈ ಸಡಿಲ ಬಿಟ್ಟು ಕಣ್ಣು ತೆಗೀರಿ. ಸೈಟ್ ಪಕ್ಕಕ್ಕೆ ಸರಿದಿದ್ರೆ ಕೈಯಿಂದ ಎಳೀಬೇಡಿ. ಎಡ ಮೊಣಕೈ ಅಲ್ಲೇ ಇಟ್ಟು, ಸೊಂಟ ಕಾಲು ಸರಿಸಿ ಇಡೀ ಮೈಯನ್ನೇ ತಿರುಗಿಸಿ. ಕೈಯಿಂದ ಎಳೆದು ಕೂರಿಸಿದ ಬಂದೂಕು ಒದೆತ ಬಂದಾಗ ತನ್ನ ಹಳೇ ದಿಕ್ಕಿಗೇ ಓಡುತ್ತೆ.

ಉಸಿರು ಬಿಟ್ಟು, ಮುಂದಿನ ಉಸಿರಿಗೆ ಮುಂಚಿನ ಆ ಸಣ್ಣ ಬಿಡುವಲ್ಲಿ ಟ್ರಿಗರ್ ಮೆಲ್ಲಗೆ ಒತ್ತಿ. ಗುಂಡು ಹಾರಿದ ಮೇಲೂ ಒಂದು ಸೆಕೆಂಡ್ ಬೆರಳು, ಕೆನ್ನೆ, ಕಣ್ಣು ಎಲ್ಲ ಇದ್ದಲ್ಲೇ ಇರಲಿ. ಸೈಟ್ ಮೇಲೆದ್ದು ಮತ್ತೆ ಗುರಿಗೇ ಬಂದು ಕೂತ್ರೆ ಹಿಡಿತ ಸರಿ ಇದೆ. ಪ್ರತಿ ಸಲ ಒಂದೇ ಪಕ್ಕಕ್ಕೆ ಹೋಗಿ ನಿಂತ್ರೆ ಮೈ ಬಂದೂಕಿನ ಹಿಂದೆ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಹೆದರಿಕೆ ಹಿಡಿಯೋಕೂ ಒಂದು ದಾರಿ ಇದೆ. ಇನ್‌ಸ್ಟ್ರಕ್ಟರ್ ನಿಮಗೆ ಹೇಳದೆ ಮಧ್ಯೆ ಮಧ್ಯೆ ಡಮ್ಮಿ ಗುಂಡು ಹಾಕ್ತಾರೆ. ಟ್ರಿಗರ್ ಒತ್ತಿದಾಗ ಬರೀ ಟಿಕ್ ಅಂದು ನಳಿಗೆ ಕೆಳಗೆ ಬಾಗಿದ್ರೆ, ಅದು ಒದೆತ ಅಲ್ಲ, ನಿಮ್ಮ ಭಯ. ಇದನ್ನ ರೇಂಜ್‌ನಲ್ಲಿ, ಅವರ ಕಣ್ಣೆದುರೇ ಮಾಡಬೇಕು. ಮನೇಲಿ, ತೋಟದಲ್ಲಿ ಯಾರದೋ ಬಂದೂಕು ತಗೊಂಡು ಪ್ರಯೋಗ ಖಂಡಿತ ಬೇಡ.

ಪುಟ್ಟಿ, ನಿನ್ನ ಪ್ರಶ್ನೆಗೆ ಉತ್ತರ: ಅದುಮೋದೂ ಬೇಡ, ಬಿಡೋದೂ ಬೇಡ. ಐದು ಗುಂಡಿಗೂ ಒಂದೇ ಥರ ಹಿಡಿ. ಐದೂ ಒಂದೇ ಕಡೆ ಗುಂಪಾಗಿ ಬಿದ್ರೆ, ಮಧ್ಯಕ್ಕೆ ಬೀಳದಿದ್ರೂ ಬೇಜಾರಾಗ್ಬೇಡ. ಗುಂಪನ್ನ ಮಧ್ಯಕ್ಕೆ ತರೋದು ಸೈಟಿನ ಕೆಲಸ. ಚದುರಿದ್ದನ್ನ ಯಾವ ಸೈಟೂ ಒಟ್ಟು ಮಾಡಲ್ಲ. ಕಿವಿಗೆ ಇಯರ್‌ಪ್ಲಗ್ ಹಾಕ್ಕೊ, ಇನ್‌ಸ್ಟ್ರಕ್ಟರ್ ಮಾತು ಕೇಳು. ಕ್ಯಾಂಪ್ ಮುಗಿದ ಮೇಲೆ ಆ ಹಾಳೆ ಫೋಟೊ ನನಗೆ ಕಳಿಸು.

ಎನ್‌ಸಿಸಿಯಲ್ಲಿ ಗುಂಡು ಹೊಡೆದಿರೋರು ನಿಮ್ಮ ಮೊದಲ ಐದು ಗುಂಡಿನ ಕತೆ ವಾಯ್ಸ್ ಮೆಸೇಜ್‌ನಲ್ಲಿ ಕಳಿಸಿ. ನನ್ನಷ್ಟು ಕೆಟ್ಟದಾಗಿ ಹೊಡೆದೋರು ಇದ್ರಂತೂ ತಪ್ಪದೇ ಕಳಿಸಿ. ಮತ್ತೆ ಸಿಗೋಣ.