ಕಾಗದ ಒಬ್ಬರದು, ಹಕ್ಕು ಇನ್ನೊಬ್ಬರದು

ಕರ್ಜಗಿಯ ಓಣಿಯೊಂದರಲ್ಲಿ ಹಳೆಯ ಮನೆಯ ಪಡಸಾಲೆ. ಊರವರು ಮನೆಮನೆಯಿಂದ ತಂದುಕೊಟ್ಟ ಫೋಟೋ, ಪತ್ರ, ಪುಸ್ತಕ, ಕ್ಯಾಸೆಟ್ಟುಗಳನ್ನು ಇಲ್ಲಿ ಕೂಡಿಸಿಟ್ಟಿದ್ದಾರೆ. ವಸ್ತುವೇನೋ ಬಂತು, ಅದರ ಕೃತಿಸ್ವಾಮ್ಯ ಯಾರದು? ಇದನ್ನು ತಿಳಿಯಲೆಂದೇ ಒಳಗೆ ಹೋದೆ.

ಬಾಗಿಲ ಪಕ್ಕದ ಮೇಜಿನ ಮೇಲೆ ರಿಜಿಸ್ಟರ್ ಇದೆ. ತಾರೀಖು, ವಸ್ತು, ಕೊಟ್ಟವರ ಹೆಸರು ಎಂಬ ಕಾಲಂಗಳ ಪಕ್ಕ ಆಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಇನ್ನೊಂದನ್ನು ಸೇರಿಸಿದ್ದಾರೆ: 'ಮಾಡಿದವರು ಯಾರು?' ಬಹಳಷ್ಟು ಸಾಲುಗಳಲ್ಲಿ ಅದು ಖಾಲಿ.

ಮುಂದಿನ ಗೋಡೆಯಲ್ಲಿ ಫೋಟೋಗಳು. ಮೊದಲನೆಯದು ಮದುವೆಯದು, ರಟ್ಟಿನ ಕೆಳ ಅಂಚಿನಲ್ಲಿ ಸ್ಟುಡಿಯೋದ ಉಬ್ಬು ಮುದ್ರೆ. ಹಕ್ಕು ಸ್ಟುಡಿಯೋದವರದೇ ಇರಬೇಕು ಅನಿಸುತ್ತದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಅದರ ಮೊದಲ ಒಡೆಯರು. ಪಕ್ಕದ್ದು ಕಾರಹುಣ್ಣಿಮೆಯ ಎತ್ತುಗಳ ಚಿತ್ರ. ಯಾರೋ ತಮ್ಮ ಖುಷಿಗೆ ತೆಗೆದಿದ್ದರೆ ಹಕ್ಕು ತೆಗೆದವರದು, ಆಲ್ಬಮ್ಮಿನಲ್ಲಿ ಇಟ್ಟುಕೊಂಡವರದಲ್ಲ. ತಿರುವಿ ನೋಡಿದೆ. ಹಿಂದೆ ಪೆನ್ಸಿಲ್ ಬರಹ ಮಾಸಿದೆ. ಹೆಸರೋ ಇಸವಿಯೋ ಹೇಳಲಾರೆ. "ತಗದವರು ಯಾರಂತ ನಮ್ಮಪ್ಪಗ ಗೊತ್ತಿತ್ರಿ" ಎಂದರು ಸಂಗ್ರಹ ನೋಡಿಕೊಳ್ಳುವ ಹಿರಿಯರು.

ಒಳಕೋಣೆಯಲ್ಲಿ ಪುಸ್ತಕದ ಕಪಾಟು. ಹಾವೇರಿ ಸೀಮೆಯ ಗಳಗನಾಥರ ಕಾದಂಬರಿಗಳಿವೆ, ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಪುಸ್ತಕಗಳೂ ಇವೆ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳು 2003ರಿಂದ ಎಲ್ಲರವು. 1992ರಲ್ಲಿ ತೀರಿಕೊಂಡ ಗೋಕಾಕರವು 2052ರ ಕೊನೆಯವರೆಗೆ ಹಕ್ಕುದಾರರವು. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಕಾಪಾಡಲೆಂದು ಸ್ಕ್ಯಾನ್ ಮಾಡಿಡಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಈ ಪಡಸಾಲೆ ಸಾರ್ವಜನಿಕ ಗ್ರಂಥಾಲಯದ ಲೆಕ್ಕಕ್ಕೆ ಬರುತ್ತದೆಯೇ ಎಂಬ ಅನುಮಾನ ನನಗಿದೆ.

ಕಪಾಟಿನ ಕೆಳಗಿನ ಟ್ರಂಕಿನಲ್ಲಿ ಇನ್‌ಲ್ಯಾಂಡ್ ಪತ್ರಗಳು. ಪತ್ರ ಬಂದ ಮನೆಯವರು ಕೊಟ್ಟಿದ್ದಾರೆ. ಕಾಗದ ಅವರದು ನಿಜ. ಅದರಲ್ಲಿನ ಮಾತಿನ ಹಕ್ಕು ಬರೆದವರದು, ಅವರಿಲ್ಲದಿದ್ದರೆ ವಾರಸುದಾರರದು. ಅಚ್ಚು ಹಾಕಿಸಬೇಕೆಂದರೆ ಕೇಳಬೇಕಾದದ್ದು ಆ ಇನ್ನೊಂದು ಮನೆಯವರನ್ನು.

ಕೊನೆಗೆ ಕ್ಯಾಸೆಟ್ಟುಗಳು: ಸೋಬಾನೆ ಪದ, ಬೀಸುವ ಪದ. ಕಟ್ಟಿದವರು ಯಾರೆಂದು ತಿಳಿಯದ ಹಾಡುಗಳಿವು. ಹಾಗೆಂದು ಹಾಡಿದ ತಾಯಂದಿರಿಗೆ ಹಕ್ಕಿಲ್ಲ ಎನ್ನುವಂತಿಲ್ಲ. ಹಾಡಿದವರಿಗೂ ತಮ್ಮ ಹಾಡಿಕೆಯ ಮೇಲೆ 50 ವರ್ಷದ ಹಕ್ಕನ್ನು ಕಾಯ್ದೆ ಕೊಡುತ್ತದೆ. ಕ್ಯಾಸೆಟ್ಟಿನ ಮೇಲೆ ಹಾಡಿನ ಹೆಸರಿದೆ, ಹಾಡಿದವರದಿಲ್ಲ. ಇದು ನನಗೆ ತುಂಬ ನೋವು ತಂದಿತು.

ಹೊರಡುವಾಗ ಒಪ್ಪಿಗೆ ಪತ್ರ ತೋರಿಸಿದರು. 'ಸಂಗ್ರಹಕ್ಕೆ ಕೊಟ್ಟಿದ್ದೇನೆ' ಎಂಬ ಒಂದು ಸಾಲು, ಕೆಳಗೆ ಸಹಿ. ಹಕ್ಕಿನ ಮಾತೇ ಇಲ್ಲ. ಹಕ್ಕು ಕೊಡುವುದಾದರೆ ಬರಹದಲ್ಲಿ, ಸಹಿಯೊಂದಿಗೆ ಕೊಡಬೇಕು. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷ ಎಂದು ಎಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ.

ನಿಮ್ಮೂರಲ್ಲೂ ಇಂಥ ಸಂಗ್ರಹ ಮಾಡುತ್ತಿದ್ದರೆ ವಸ್ತು ತೆಗೆದುಕೊಂಡ ದಿನವೇ ಇಷ್ಟನ್ನು ಬರೆಸಿಕೊಳ್ಳಿ: ಮಾಡಿದವರು ಯಾರು, ಹಕ್ಕು ಈಗ ಯಾರದು, ಬರೀ ಇಡಬಹುದೋ, ಅಚ್ಚು ಹಾಕಿಸಿ ಇಂಟರ್ನೆಟ್ಟಿಗೂ ಏರಿಸಬಹುದೋ, ಎಷ್ಟು ಕಾಲ, ಯಾರ ಹೆಸರು ಹಾಕಬೇಕು. ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ.