ಹಾಲುಹಲ್ಲಿನೊಳಗಿನ ಜೀವ

'ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ' ಎಂಬುದು ನಮ್ಮ ಹಿರಿಯರ ಮಾತು. ಕಡಲೆಗೆ ಕೊರತೆಯಿಲ್ಲದ ನಾಡಿಗೆ ಬಂದು ನೆಲೆಸಿರುವ ನಾವು ಹಲ್ಲಿನ ವಿಷಯವಾಗಿ ಎಷ್ಟು ಯೋಚಿಸಿದ್ದೇವೆ?

ಕಳೆದ ಚಳಿಗಾಲದಲ್ಲಿ, ಮೋರ್ಲಿಯ ನಮ್ಮ ಮನೆಯಲ್ಲಿ, ಆರು ವರ್ಷದ ಮೊಮ್ಮಗಳ ಮೊದಲ ಹಾಲುಹಲ್ಲು ಬಿದ್ದಿತು. ಊರಿನಲ್ಲಾಗಿದ್ದರೆ ಅದನ್ನು ಸೆಗಣಿಯುಂಡೆಯಲ್ಲಿಟ್ಟು ಹೆಂಚಿನ ಮಾಡಿನ ಮೇಲೆ ಎಸೆಯುತ್ತಿದ್ದೆವು. ಇಲ್ಲಿಯ ಮಕ್ಕಳು ದಿಂಬಿನಡಿಯಲ್ಲಿಟ್ಟು, ರಾತ್ರಿ ಕಿನ್ನರಿಯೊಬ್ಬಳು ಬಂದು ನಾಣ್ಯವಿಟ್ಟು ಹೋಗುವಳೆಂದು ನಂಬುತ್ತಾರೆ. ಆದರೆ ಸೊಸೆ ಕೇಳಿದ್ದು ಬೇರೆಯೇ: "ಅತ್ತೆ, ಹಣ ತೆತ್ತರೆ ಹಾಲುಹಲ್ಲಿನ ಜೀವಕೋಶಗಳನ್ನು ಹಿಮಶೀತದಲ್ಲಿ ಕಾಪಿಡುತ್ತಾರಂತೆ. ನಾವೂ ಇಡಿಸೋಣವೇ?"

ಕಲಾ ಪದವೀಧರೆಯಾದ ನನ್ನಲ್ಲಿ ಉತ್ತರವಿರಲಿಲ್ಲ. ಓದತೊಡಗಿದೆ, ಓದಿದಷ್ಟೂ ವಿಸ್ಮಯ ಬೆಳೆಯಿತು.

ತಾಯಿಯ ಗರ್ಭದಲ್ಲಿ ಸುಮಾರು ಆರನೆಯ ವಾರದಲ್ಲಿಯೇ ಹಲ್ಲಿನ ರಚನೆ ಆರಂಭವಾಗುತ್ತದೆ. ಬಾಯಿಯ ಒಳಪದರದ ಕೋಶಗಳು ಹೊರಗವಚವಾದ ಎನಾಮೆಲನ್ನು ಕಟ್ಟಿದರೆ, ಅದರ ಕೆಳಗಿನ ಕೋಶಗಳು ಡೆಂಟಿನ್ ಎಂಬ ಗಟ್ಟಿ ಭಾಗವನ್ನೂ ಮೃದುವಾದ ತಿರುಳನ್ನೂ ಕಟ್ಟುತ್ತವೆ. ಹಲ್ಲು ಒಸಡಿನಿಂದ ಹೊರಬರುವ ವೇಳೆಗೆ ಎನಾಮೆಲ್ ಕಟ್ಟಿದ ಕೋಶಗಳು ಅಳಿದುಹೋಗುತ್ತವೆ. ಆದುದರಿಂದಲೇ ಸವೆದ ಎನಾಮೆಲ್ ಮತ್ತೆ ಬೆಳೆಯದು. ಇಲಿಯ ಬಾಚಿಹಲ್ಲಿನ ಬುಡದಲ್ಲಾದರೋ, ಬೇರೆ ಬೇರೆ ಕೋಶಗಳಾಗಿ ಮಾರ್ಪಡಬಲ್ಲ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಜೀವಮಾನವಿಡೀ ಉಳಿದಿರುತ್ತವೆ. ಅದರ ಹಲ್ಲು ಸವೆದಂತೆಲ್ಲ ಬೆಳೆಯುತ್ತಲೇ ಇರುತ್ತದೆ.

ಹಾಗೆಂದು ನಮ್ಮ ಹಲ್ಲು ಪೂರ್ತಿ ಬರಡಲ್ಲ. ಅಡಿಲೇಡಿನ ವಿಜ್ಞಾನಿ ಸ್ಟಾನ್ ಗ್ರೊಂಥೋಸ್ ಅವರು ಅಮೆರಿಕದಲ್ಲಿ ಸಾಂಗ್‌ಟಾವ್ ಶಿ ಮೊದಲಾದವರೊಡನೆ ಸಂಶೋಧನೆ ನಡೆಸಿ, ಬುದ್ಧಿಹಲ್ಲಿನ ತಿರುಳಿನಲ್ಲಿ ಕಾಂಡಕೋಶಗಳಿರುವುದನ್ನು 2000ದಲ್ಲಿ ಪ್ರಕಟಿಸಿದರು. ಬಳಿಕ ಶಿಯವರು ಆರು ವರ್ಷದ ತಮ್ಮ ಮಗಳ ಬಿದ್ದ ಹಲ್ಲಿನೊಳಗೆ ಕೆಂಪು ಅಂಗಾಂಶವನ್ನು ಕಂಡು ಕುತೂಹಲಗೊಂಡರು. ಹಾಲುಹಲ್ಲಿನಲ್ಲಿಯೂ ಅಂಥ ಕೋಶಗಳಿವೆಯೆಂದು 2003ರಲ್ಲಿ ಈ ತಂಡ ತಿಳಿಸಿತು. ಒಂದೊಂದು ಹಲ್ಲಿನಲ್ಲಿ ದೊರೆತವು 12ರಿಂದ 20 ಮಾತ್ರ. ಆದರೆ ಪ್ರಯೋಗಾಲಯದಲ್ಲಿ ಅವು ಬಹುವಾಗಿ ವೃದ್ಧಿಸಿದವು. 2018ರಲ್ಲಿ ಚೀನಾದ ವೈದ್ಯರು, ಪೆಟ್ಟಿನಿಂದ ತಿರುಳು ಸತ್ತ ಮಕ್ಕಳ ಹಲ್ಲುಗಳಲ್ಲಿ ಅವರದೇ ಹಾಲುಹಲ್ಲಿನ ಕೋಶಗಳನ್ನಿಟ್ಟು, ತಿರುಳು ಮರಳಿ ಬೆಳೆದುದನ್ನು ವರದಿ ಮಾಡಿದರು.

ಆಶಾದಾಯಕ ವಾರ್ತೆಯೇ ಸರಿ. ಆದರೆ ಆ ಕೋಶಗಳು ಮಕ್ಕಳ ಬಾಯಿಯಲ್ಲಿ ಆಗ ಇನ್ನೂ ಇದ್ದ ಹಾಲುಹಲ್ಲಿನಿಂದ ಬಂದವು, ವರ್ಷಗಟ್ಟಲೆ ಹಣ ತೆತ್ತು ಕಾಪಿಟ್ಟ ಭಂಡಾರದಿಂದಲ್ಲ. ಇನ್ನು, ಹುಳುಕು ಮೇಲ್ಮೇಲೆ ಇರುವಾಗ ತಿರುಳಿನ ಅಂಚಿನ ಕೋಶಗಳು ತಾವೇ ಒಳಗಿನಿಂದ ಹೊಸ ಡೆಂಟಿನ್ ಕಟ್ಟಿ ರಕ್ಷಿಸಿಕೊಳ್ಳುತ್ತವೆ. ನಾವು ಅಲಕ್ಷ್ಯದಿಂದ ಹುಳುಕನ್ನು ತಿರುಳಿನವರೆಗೆ ಇಳಿಯಗೊಟ್ಟರೆ ಆ ಶಕ್ತಿಯೂ ಸೋಲುತ್ತದೆ. "ಆ ಹಣವನ್ನು ದಂತವೈದ್ಯರ ತಪಾಸಣೆಗೆ ಎತ್ತಿಡಮ್ಮ" ಎಂದೆ. ಸೊಸೆಯೂ ಒಪ್ಪಿದಳು.

ಮೋರ್ಲಿಯಲ್ಲಿ ಸೆಗಣಿಯೆಲ್ಲಿ ಬರಬೇಕು? ಕೈದೋಟದ ಮಣ್ಣಿನುಂಡೆಯಲ್ಲಿಟ್ಟು ಹಲ್ಲನ್ನು ಮಾಡಿನ ಮೇಲೆಸೆದೆವು. ಕಿನ್ನರಿಯ ನಾಣ್ಯವೂ ಬೇಕೆಂದು ಮೊಮ್ಮಗಳು ಹಟ ಹಿಡಿದಳು, ಅದನ್ನೂ ಕೊಟ್ಟೆವು.

ಸಮ್ಮೇಳನದ ಊಟದಲ್ಲಿ ಮೈಸೂರು ಪಾಕನ್ನು ಸವಿಯುವ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ: ಸವಿಯಿರಿ, ಮಕ್ಕಳಿಗೂ ಕೊಡಿರಿ, ರಾತ್ರಿ ಮಲಗುವ ಮುನ್ನ ಅವರ ಹಲ್ಲುಜ್ಜಿಸಲು ಮಾತ್ರ ಮರೆಯದಿರಿ. ಕಡಲೆಯೂ ಹಲ್ಲೂ ಒಟ್ಟಿಗೇ ಇರುವ ಭಾಗ್ಯ ಅವರದಾಗಲಿ.